ಡಬ್ಬಿಯ ಮುಚ್ಚಳವೂ ಪಾಸು

ಲ್ಯಾಬಿನಲ್ಲಿ ನಮ್ಮಕ್ಕನಿಗೆ ಇಟ್ಟ ಹೆಸರು ‘ಛೀ ಮೇಡಂ’. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ, ಆದರೆ ಅವಳಿಗೆ ಗೊತ್ತು. ಬೆಳಿಗ್ಗೆ ಒಳಗೆ ಕಾಲಿಟ್ಟವಳ ಬಾಯಿಂದ ಮೊದಲು ಬರುವ ಮಾತು ಅದೇ. ಹಿತ್ತಾಳೆ ಕನೆಕ್ಟರಿನ ಬಾಯಿಗೆ ಯಾರಾದರೂ ಎಣ್ಣೆ ಬೆರಳು ತಾಗಿಸಿದ್ದರೆ ಛೀ. ಕೇಬಲ್ಲನ್ನು ಮೊಳಕೈಗೆ ಹಗ್ಗದ ಹಾಗೆ ಸುತ್ತಿಟ್ಟಿದ್ದರೆ ಛೀ. ಅಳೆಯುವ ಯಂತ್ರದ ನೆತ್ತಿಯ ಮೇಲೆ ಟೀ ಲೋಟ ಇಟ್ಟ ಗುಂಡು ಕಲೆ ಕಂಡರೆ ಎರಡು ಛೀ. ನಾನು ಅವಳ ತಂಗಿ. ಅದೇ ಲ್ಯಾಬಿನಲ್ಲಿ ದಾಖಲೆ ಮೇಜಿನಲ್ಲಿ ಕೂರುವವಳು, ಅವಳ ಮನೆಯ ಮೇಲಿನ ಮಹಡಿಯಲ್ಲೇ ಸಂಸಾರ ಹೂಡಿರುವವಳು. ಹಾಗಾಗಿ ಹಗಲಿನ ಛೀ, ಸಂಜೆಯ ಛೀ ಎರಡೂ ನನ್ನ ಕಿವಿಗೇ.

ನಿಜ ಹೇಳಬೇಕೆಂದರೆ ಅಸಹ್ಯಪಡುವುದಕ್ಕೆ ಅಲ್ಲಿ ಬೇಕಾದಷ್ಟಿತ್ತು. ತೊಟ್ಟಿಕ್ಕುವ ಏಸಿಯ ಕೆಳಗೆ ವರ್ಷಗಟ್ಟಲೆ ಒಂದು ಬಕೆಟ್ಟು ಇತ್ತು. ಅದರ ತಳದಲ್ಲಿ ಹಸಿರು ಪಾಚಿ ಕಟ್ಟಿತ್ತು. ನಮ್ಮ ಮುಖ್ಯಸ್ಥರು ಪೆನ್ನಿನ ಮುಚ್ಚಳದಿಂದ ಕಿವಿ ಕೆರೆದುಕೊಂಡು, ಅದೇ ಪೆನ್ನನ್ನು ಸಹಿ ಹಾಕಲು ನಮಗೆ ಚಾಚುತ್ತಿದ್ದರು. ಅವರ ಬಾಯಲ್ಲಿ ಯಾವಾಗಲೂ ಇರುತ್ತಿದ್ದುದು ಎರಡೇ ಮಾತು. ಒಂದು, ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.’ ಇನ್ನೊಂದು, ‘ನಾಳೆ ನೋಡೋಣ.’

ನಮ್ಮದು ರೇಡಿಯೊ ಸಿಗ್ನಲ್ ಅಳೆಯುವ ಲ್ಯಾಬ್. ತಂತಿಯಿಲ್ಲದೆ ಮಾತಾಡುವ ಸಾಮಾನುಗಳನ್ನು, ಅಂದರೆ ಗೇಟಿನ ರಿಮೋಟು, ಆಸ್ಪತ್ರೆಯ ಹಾಸಿಗೆ ಪಕ್ಕದ ಕರೆಗುಂಡಿ, ಅಂಥವನ್ನು ಮಾಡುವವರು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ ನಮಗೆ ಕಳಿಸುತ್ತಾರೆ. ಒಂದೊಂದರ ಸಿಗ್ನಲ್ಲಿಗೆ ಬೇಕಾದಷ್ಟು ಬಲ ಇದೆಯೇ ಎಂದು ನಾವು ಅಳೆಯುತ್ತೇವೆ. ಇದ್ದರೆ ಪಾಸ್. ನಾನು ಸರ್ಟಿಫಿಕೇಟ್ ಅಚ್ಚು ಹಾಕಿ, ನಂಬರು ಕೊಟ್ಟು, ಸೀಲು ಒತ್ತುತ್ತೇನೆ. ಅಳೆಯುವುದು ಯಂತ್ರ. ಆದರೆ ಯಂತ್ರ ತಾನಾಗಿ ಬಾಯಿ ಬಿಡುವುದಿಲ್ಲ, ಕಂಪ್ಯೂಟರಿನ ಪ್ರೋಗ್ರಾಂ ಅದನ್ನು ಕೇಳಬೇಕು. ಇದು ಕೇಳುವುದು, ಅದು ಹೇಳುವುದು. ಈ ಮಾತುಕತೆ ಕೆಟ್ಟಾಗ ಸರಿಮಾಡುವುದು ಅಕ್ಕನ ಕೆಲಸ.

ಮತ್ತೆ ಮತ್ತೆ ಕೆಡುತ್ತಿತ್ತು. ಕೆಲವು ದಿನ ಯಂತ್ರವೂ ಪ್ರೋಗ್ರಾಮೂ ಮಾತು ಬಿಟ್ಟ ಓರಗಿತ್ತಿಯರ ಹಾಗೆ ಒಂದೇ ಮೇಜಿನ ಮೇಲೆ ಮುಖ ತಿರುಗಿಸಿಕೊಂಡು ಕೂತಿರುತ್ತಿದ್ದವು. ಆಗ ಅಕ್ಕ ಪ್ರೋಗ್ರಾಮನ್ನು ಪೂರ್ತಿ ಮುಚ್ಚಿ, ತಾನೇ ಕೀಲಿಮಣೆಯ ಮುಂದೆ ಕೂತು, ಯಂತ್ರಕ್ಕೆ ಮೊದಲು ಅದರ ಹೆಸರು ಕೇಳುತ್ತಿದ್ದಳು. ಅಂಥದ್ದೊಂದು ಪ್ರಶ್ನೆ ಎಲ್ಲ ಯಂತ್ರಗಳಿಗೂ ಗೊತ್ತಿರುತ್ತದಂತೆ. ಹೆಸರು ಹೇಳಿತೋ, ಕೇಬಲ್ಲು, ವಿಳಾಸ ಎಲ್ಲ ಸರಿ ಎಂದರ್ಥ. ಆಮೇಲೆ ಒಂದೊಂದೇ ಪ್ರಶ್ನೆ. ಯಾವ ಪ್ರಶ್ನೆಗೆ ಅದು ಸುಮ್ಮನಾಗುತ್ತದೋ ಅಲ್ಲಿ ರೋಗ. ಬೇರೆಯವರು ಯಂತ್ರ ಆರಿಸಿ ಹೊತ್ತಿಸಿ, ಸರಿಹೋಯಿತು ಎಂದು ಕೈ ತೊಳೆದುಕೊಳ್ಳುತ್ತಿದ್ದರು. ಅಕ್ಕನಿಗೆ ಅದನ್ನು ಕಂಡರೆ ಮೈಯೆಲ್ಲ ಉರಿ. “ಕಸಾನ ಚಾಪೆ ಕೆಳಗೆ ತಳ್ಳಿ ಮನೆ ಗುಡಿಸಿದೆ ಅಂತಾರಲ್ಲ, ಛೀ!” ಅನ್ನುತ್ತಿದ್ದಳು.

ಆ ಲ್ಯಾಬಿನಲ್ಲಿ ಅಕ್ಕನ ಬಾಯಿಗೆ ಒಮ್ಮೆಯೂ ಸಿಗದ ಮನುಷ್ಯ ಒಬ್ಬರೇ. ಅವರೇ ಕಟಕ್ ಮಾವ.

ಅಳೆಯುವ ಮೇಜಿನ ಮುಂದೆ ಮೂವತ್ತು ವರ್ಷ ಕೂತ ತಂತ್ರಜ್ಞ ಅವರು. ಪ್ರತಿ ಪೀಸಿಗೂ ಕೇಬಲ್ಲಿನ ಕನೆಕ್ಟರ್ ಜೋಡಿಸಿ ಬಿಗಿಮಾಡಬೇಕು. ಅದಕ್ಕೊಂದು ಪುಟ್ಟ ಸ್ಪ್ಯಾನರ್ ಇದೆ. ಬೇಕಾದಷ್ಟು ಬಿಗಿಯಾದ ಕೂಡಲೇ ಕಟಕ್ ಎಂದು ಸದ್ದು ಮಾಡಿ ಕತ್ತು ಬಗ್ಗಿಸುತ್ತದೆ. ಇನ್ನುಳಿದವರು ಕೈಯಲ್ಲೇ ತಿರುಗಿಸಿ ಬಿಡುವವರು, ಇಲ್ಲವೇ ಕಟಕ್ ಕಟಕ್ ಎಂದು ನಾಲ್ಕು ಸಲ ತಿರುಗಿಸಿ ಕನೆಕ್ಟರಿನ ಪ್ರಾಣ ತೆಗೆಯುವವರು. ಮಾವನದು ಒಂದೇ ಸಲ. ಪೀಸು, ಕಟಕ್, ಗುಂಡಿ, ಹಸಿರು ದೀಪ. ಪೀಸು, ಕಟಕ್, ಗುಂಡಿ, ಹಸಿರು ದೀಪ. ಪಕ್ಕದ ಕೋಣೆಯಲ್ಲಿ ಕೂತ ನನಗೆ ಆ ಸದ್ದೇ ಗಡಿಯಾರ. “ಎರಡನೇ ಸಲ ಯಾಕೆ ಮಾವ ತಿರುಗಿಸಲ್ಲ?” ಎಂದು ಒಮ್ಮೆ ಕೇಳಿದ್ದೆ. “ಮೊದಲನೇದರ ಮೇಲೆ ನಂಬಿಕೆ ಇದ್ರೆ ಎರಡನೇದು ಯಾಕಮ್ಮ?” ಎಂದಿದ್ದರು. ಅವರ ನಿವೃತ್ತಿಗೆ ನಾಲ್ಕು ತಿಂಗಳಿತ್ತು.

ಆಗ ಬಂತು ಆಸ್ಪತ್ರೆಯ ದೂರು. ನಾವು ಪಾಸು ಮಾಡಿ ಕಳಿಸಿದ ಕರೆಗುಂಡಿಗಳಲ್ಲಿ ಮೂರು ಕೆಲಸವೇ ಮಾಡುತ್ತಿರಲಿಲ್ಲ. ಹಾಸಿಗೆಯಿಂದ ಜಾರಿ ಬಿದ್ದ ಒಬ್ಬ ರೋಗಿ, ಅರವತ್ತು ದಾಟಿದ ಹೆಂಗಸು, ಮುಕ್ಕಾಲು ಗಂಟೆ ಆ ಗುಂಡಿಯನ್ನು ಒತ್ತುತ್ತಾ ನೆಲದ ಮೇಲೆ ಬಿದ್ದಿದ್ದಳಂತೆ. ನರ್ಸಿನ ಮೇಜಿನ ಮೇಲೆ ದೀಪ ಹೊತ್ತಲೇ ಇಲ್ಲ. ಮೂರನ್ನೂ ಬೇರೆ ಕಡೆ ಅಳೆಸಿದರೆ ಸಿಗ್ನಲ್ಲು ಇದೆಯೋ ಇಲ್ಲವೋ ಅನ್ನುವಷ್ಟು. ನಮ್ಮ ಸರ್ಟಿಫಿಕೇಟಿನಲ್ಲಿ ಮಾತ್ರ ಒಳ್ಳೆಯ ಅಂಕ, ಅದರ ಕೆಳಗೆ ನನ್ನ ಸೀಲು.

ಮುಖ್ಯಸ್ಥರು ಹಳೆಯ ದಾಖಲೆ ತೆಗೆಸಿ ನೋಡಿದರು. ನೂರ ಹನ್ನೆರಡನೆಯ ಪೀಸಿನ ಅಂಕೆಯೇ ನೂರ ಹದಿಮೂರು, ಹದಿನಾಲ್ಕು, ಹದಿನೈದಕ್ಕೂ ಇತ್ತು. ದಶಾಂಶದ ಕೊನೆಯ ಸ್ಥಾನದವರೆಗೂ ಅದೇ ಅಂಕೆ. ಕೆಟ್ಟವು ಆ ಮೂರೇ. ಮುಖ್ಯಸ್ಥರ ಮುಖ ಅರಳಿತು.

“ನೋಡಿ, ಒಂದೇ ಪೀಸ್ ಇಟ್ಕೊಂಡು ನಾಲ್ಕು ಸಲ ಗುಂಡಿ ಒತ್ತಿದ್ದಾನೆ. ಬದಲಾಯಿಸೋಕೆ ಸೋಮಾರಿತನ. ಶುದ್ಧ ಮೋಸ!”

ಮಾವನನ್ನು ಒಳಗೆ ಕರೆಸಿದರು. ನಡೆದದ್ದನ್ನು ಬರೆದುಕೊಳ್ಳಲು ನಾನು ಮೂಲೆಯಲ್ಲಿ ಕೂತಿದ್ದೆ. ಮೊದಲ ಸಲ ಕೇಳಿದಾಗ ಮಾವ, “ನಾನು ಹಾಗೆ ಮಾಡಿಲ್ಲ ಸರ್” ಎಂದರು. ಎರಡನೆಯ ಸಲ, “ಮಾಡಿರಲ್ಲ ಸರ್” ಎಂದರು. ಮೂರನೆಯ ಸಲ ದಾಖಲೆಯನ್ನು ಮೂಗಿನ ಮುಂದೆ ಹಿಡಿದು ಕೇಳಿದಾಗ ತಮ್ಮ ಕೈಗಳನ್ನೇ ನೋಡಿಕೊಂಡು, “ಮಾಡಿರೋ ನೆನಪಿಲ್ಲ ಸರ್” ಎಂದರು. ಮುಖ್ಯಸ್ಥರು ನನ್ನ ಕಡೆ ತಿರುಗಿ, ಅದನ್ನು ಬರೆದುಕೊಳ್ಳಿ ಎಂದರು. ನಾನು ಬರೆದುಕೊಂಡೆ.

ಮೂರು ವಾರ ಬಿಟ್ಟು ವಿಚಾರಣೆ, ಅಲ್ಲಿಯವರೆಗೆ ಮೇಜಿನ ಹತ್ತಿರ ಬರಕೂಡದು ಎಂದಾಯಿತು. ಸಾಬೀತಾದರೆ ಮೋಸಗಾರ ಅನ್ನಿಸಿಕೊಂಡು ಮನೆಗೆ ಹೋಗಬೇಕು. ಮಾವ ದಿನಾ ಸರಿಯಾಗಿ ಒಂಬತ್ತಕ್ಕೆ ಬಂದು ಸಾಮಾನು ಕೋಣೆಯ ಹೊರಗಿನ ಕಬ್ಬಿಣದ ಕುರ್ಚಿಯ ಮೇಲೆ ಕೂರತೊಡಗಿದರು. ನಿನ್ನೆ ಮೊನ್ನೆಯವರೆಗೆ ‘ಮಾವ ಮಾವ’ ಎಂದು ಅವರ ಊಟದ ಡಬ್ಬಿಗೆ ಕೈ ಹಾಕುತ್ತಿದ್ದವರೆಲ್ಲ ಆ ಕಡೆ ಹೋಗುವಾಗ ಮೊಬೈಲು ನೋಡತೊಡಗಿದರು. ನಾನೂ ನೋಡಿದೆ. ಅವರ ಹೆಂಡತಿ ಅಕ್ಕನಿಗೆ ಫೋನು ಮಾಡಿ ಅತ್ತರಂತೆ: ಊಟದ ಮಧ್ಯೆ ಎದ್ದು ಹೋಗಿ ಬಾಗಿಲ ಚಿಲಕ ಹಾಕಿದೆಯೋ ಇಲ್ಲವೋ ಎಂದು ನೋಡಿ ಬರುತ್ತಾರೆ, ಬಂದು ಕೂತು ಮತ್ತೆ ಏಳುತ್ತಾರೆ.

ಅಕ್ಕ ದಾಖಲೆಯ ಹಾಳೆಯನ್ನು ನನ್ನ ಮೇಜಿನಿಂದ ಕಿತ್ತುಕೊಂಡಳು. ಅರ್ಧ ನಿಮಿಷವೂ ನೋಡಲಿಲ್ಲ.

“ಇದು ಅಳೆದಿರೋ ಅಂಕೆಯೇ ಅಲ್ಲ ಕಣೇ” ಎಂದಳು.

“ಒಂದೇ ಪೀಸನ್ನ ನಾಲ್ಕು ಸಲ ಅಳೆದ್ರೆ ಒಂದೇ ಅಂಕೆ ಬರಲ್ವಾ?”

“ಎಲ್ಲಿ ಬರುತ್ತೆ? ಬಾ ಇಲ್ಲಿ.”

ಒಂದು ಪೀಸು ಜೋಡಿಸಿ ಹತ್ತು ಸಲ ಅಳೆದು ತೋರಿಸಿದಳು. ಮೊದಲಿನ ಅಂಕಿಗಳೆಲ್ಲ ಒಂದೇ, ಕೊನೆಯ ಅಂಕಿ ಮಾತ್ರ ಹತ್ತು ಸಲವೂ ಅಲುಗಾಡಿತು. ಎಂಟು, ಆರು, ಒಂಬತ್ತು, ಆರು. ನಿಜವಾಗಿ ಅಳೆದ ಅಂಕೆ ಸುಮ್ಮನೆ ನಿಲ್ಲುವುದಿಲ್ಲವಂತೆ. ನಾಲ್ಕು ಸಾಲು ಕೊನೆಯವರೆಗೂ ಒಂದೇ ಇದ್ದರೆ ಯಾರೋ ನಕಲು ಮಾಡಿದ್ದಾರೆ ಎಂದೇ ಅರ್ಥ. ಮಾವನಿಗೆ ಅಂಕೆ ಬರೆಯುವ ದಾರಿಯೇ ಇಲ್ಲ, ಅವರದು ಗುಂಡಿ ಒತ್ತುವ ಕೆಲಸ. ಬರೆಯುವುದು ಪ್ರೋಗ್ರಾಂ.

ನಾನು ಸರ್ಟಿಫಿಕೇಟಿನಲ್ಲಿ ಒಂದೇ ಒಂದು ದಶಾಂಶ ಅಚ್ಚು ಹಾಕುವವಳು. ಅಲ್ಲಾಡುವ ಕೊನೆಯ ಅಂಕಿಯನ್ನು ನನ್ನ ಮೇಜು ಯಾವತ್ತೂ ಕಂಡಿರಲಿಲ್ಲ.

ಅಕ್ಕ ಅಲ್ಲಿಗೆ ಬಿಡಲಿಲ್ಲ. ಒಳ್ಳೆಯ ಪೀಸೊಂದನ್ನು ಅಳೆದಳು: ಪಾಸ್. ಅದನ್ನು ಬಿಚ್ಚಿ ಬದಿಗಿಟ್ಟು, ಬರೀ ಕೇಬಲ್ಲಿನ ತುದಿ ಗಾಳಿಯಲ್ಲಿ ನೇತಾಡುತ್ತಿರುವಾಗಲೇ ಗುಂಡಿ ಒತ್ತಿದಳು. ಕಂಪ್ಯೂಟರು ಒಂದು, ಎರಡು, ಮೂರು ಸೆಕೆಂಡು ಸುಮ್ಮನಿತ್ತು. ಆಮೇಲೆ ಅದೇ ಅಂಕೆ, ಹಸಿರು ದೀಪ. ಅಕ್ಕನ ಮುಖ ಹಾಗಲಕಾಯಿ ಕಚ್ಚಿದವಳ ಹಾಗಾಯಿತು. ಸುತ್ತ ನೋಡಿ, ನನ್ನ ಊಟದ ಡಬ್ಬಿಯ ಮುಚ್ಚಳ ಎತ್ತಿಕೊಂಡು ಕೇಬಲ್ಲಿನ ತುದಿಯನ್ನು ಅದರ ಮೇಲಿಟ್ಟಳು. ಗುಂಡಿ. ಮೂರು ಸೆಕೆಂಡು. ಹಸಿರು ದೀಪ.

“ನಿನ್ನ ಡಬ್ಬಿ ಮುಚ್ಚಳ ಪಾಸು. ಸರ್ಟಿಫಿಕೇಟ್ ಕೊಡು, ಆಸ್ಪತ್ರೆಗೆ ಕಳಿಸೋಣ” ಎಂದಳು. ನನಗೆ ನಗು ಬಂತು. ಅವಳು ನಗುತ್ತಿರಲಿಲ್ಲ.

ಆಗಿದ್ದು ಇಷ್ಟು. ಸಿಗ್ನಲ್ಲು ಗಟ್ಟಿಯಾಗಿದ್ದರೆ ಯಂತ್ರ ತಕ್ಷಣ ಉತ್ತರ ಕೊಡುತ್ತದೆ. ಸಿಗ್ನಲ್ಲೇ ಇಲ್ಲದಿದ್ದರೆ ಅದು ಬರಲಿ ಎಂದು ಕಾಯುತ್ತಾ ಕೂರುತ್ತದೆ, ಉತ್ತರವೇ ಕೊಡುವುದಿಲ್ಲ. ಪ್ರೋಗ್ರಾಂ ಮೂರು ಸೆಕೆಂಡು ನೋಡಿ, ಉತ್ತರ ಬರಲಿಲ್ಲವೆಂದು ಕೆಲಸ ನಿಲ್ಲಿಸಿ ಕೂಗಿಕೊಳ್ಳಬೇಕಿತ್ತು. ಹಾಗೆ ಮಾಡುವ ಬದಲು ಹಿಂದಿನ ಪೀಸಿನ ಅಂಕೆಯನ್ನೇ ಇದಕ್ಕೂ ಬರೆದು ಮುಂದೆ ಹೋಗುತ್ತಿತ್ತು. ಪರೀಕ್ಷೆಗೆ ಬಾರದ ಹುಡುಗನಿಗೆ ಪಕ್ಕದವನ ಅಂಕ ಕೊಟ್ಟ ಹಾಗೆ. ಕೆಲಸ ಬೇಗ ಮುಗಿಯಲೆಂದು ಅಳೆಯುವಾಗ ಯಂತ್ರದ ಪರದೆಯನ್ನೂ ಆರಿಸಿರುತ್ತಾರೆ, ಹಾಗಾಗಿ ಮಾವನಿಗೆ ಕಾಣುತ್ತಿದ್ದುದು ಹಸಿರು ದೀಪ ಮಾತ್ರ. ಅರೆಬರೆ ಪೀಸು ಫೇಲಾಗುತ್ತಿತ್ತು; ಪೂರ್ತಿ ಸತ್ತ ಪೀಸು ಪಾಸಾಗುತ್ತಿತ್ತು. ಇದಕ್ಕಿಂತ ಹೇಸಿಗೆ ಇನ್ನೇನಿದೆ?

ಅಕ್ಕ ಪ್ರೋಗ್ರಾಮಿನ ಒಳಗೆ ಇಳಿದಳು. ಮಧ್ಯಾಹ್ನದ ಹೊತ್ತಿಗೆ, ಹಾಗೆ ಮಾಡು ಎಂದು ಪ್ರೋಗ್ರಾಮಿಗೆ ಹೇಳುವ ನಾಲ್ಕು ಸಾಲು ಸಿಕ್ಕಿತು. ಕೆಟ್ಟ ವಾಸನೆ ಬಂದವಳ ಹಾಗೆ ಕುರ್ಚಿಯನ್ನು ಹಿಂದಕ್ಕೆ ತಳ್ಳಿದಳು.

“ಥೂ! ಇದನ್ನ ಬರೆದವನಿಗೆ ಊಟ ಹೇಗೆ ಸೇರುತ್ತೋ! ಉತ್ತರ ಬರದಿದ್ರೆ ಹಳೇದನ್ನೇ ಹಾಕು ಅಂತೆ. ಇವನ ಕೈ ಸೇದಿಹೋಗ! ಆ ಹೆಂಗಸು ಮುಕ್ಕಾಲು ಗಂಟೆ ನೆಲದ ಮೇಲೆ ಬಿದ್ದಿದ್ದಳಲ್ಲೇ!”

ಯಾವ ಸಾಲನ್ನು ಯಾರು ಯಾವತ್ತು ಬರೆದರು ಎಂದು ತೋರಿಸುವ ಏರ್ಪಾಡು ಕಂಪ್ಯೂಟರಿನಲ್ಲಿದೆ. ಬೈಯುತ್ತಲೇ ಅದನ್ನು ತೆರೆದಳು. ಬೈಗುಳ ಅರ್ಧಕ್ಕೇ ನಿಂತಿತು. ನಾನು ಬಗ್ಗಿ ನೋಡಿದೆ. ಹನ್ನೊಂದು ವರ್ಷದ ಹಿಂದಿನ ತಾರೀಕು, ಸಂಜೆ ನಾಲ್ಕು ಐವತ್ತೆರಡು. ಸಾಲಿನ ಪಕ್ಕದಲ್ಲಿ ಒಂದು ಟಿಪ್ಪಣಿ: ತಾತ್ಕಾಲಿಕ, ನಾಳೆ ತೆಗೆಯಬೇಕು. ಬರೆದವರ ಹೆಸರು ನಮ್ಮಕ್ಕನದು.

ಆ ತಾರೀಕು ನನಗೂ ನೆನಪಿದೆ. ನನ್ನ ಮದುವೆಗೆ ಎಂಟು ದಿನವಿತ್ತು. ಅಕ್ಕ ಲ್ಯಾಬಿಗೆ ಸೇರಿ ಒಂದು ತಿಂಗಳೂ ಆಗಿರಲಿಲ್ಲ. ನಾನು ಆಗಿನ್ನೂ ಅಲ್ಲಿ ಕೆಲಸಕ್ಕಿರಲಿಲ್ಲ. ಚಪ್ಪಲಿ ಕೊಳ್ಳಲು ಅವಳನ್ನು ಕರೆದೊಯ್ಯಬೇಕೆಂದು ಗೇಟಿನ ಹತ್ತಿರ ನಿಂತು ನಾಲ್ಕು ಸಲ ಫೋನು ಮಾಡಿದ್ದೆ. “ಬಾರೇ ಬೇಗ, ಅಂಗಡಿ ಮುಚ್ತಾನೆ.” ಒಳಗೆ ಪ್ರೋಗ್ರಾಂ ಪದೇ ಪದೇ ನಿಲ್ಲುತ್ತಿತ್ತಂತೆ. ಮುಖ್ಯಸ್ಥರು ಅವಳ ಹಿಂದೆ ನಿಂತು, “ನಿಲ್ಲದ ಹಾಗೆ ಏನೋ ಒಂದು ಅಡ್ಜಸ್ಟ್ ಮಾಡಿ, ನಾಳೆ ನೋಡೋಣ” ಎಂದರಂತೆ. ಮರುದಿನ ಪ್ರೋಗ್ರಾಂ ನಿಲ್ಲಲಿಲ್ಲ. ನಿಲ್ಲದಿದ್ದದ್ದನ್ನು ಯಾರು ನೋಡುತ್ತಾರೆ? ಮದುವೆ ಗಲಾಟೆಯಲ್ಲಿ ಅವಳು ಮರೆತಳು. ಆ ಚಪ್ಪಲಿಯೋ, ಆರು ತಿಂಗಳೂ ಬಾಳಿಕೆ ಬರಲಿಲ್ಲ.

ಆ ಸಾಲು ಸಿಕ್ಕ ದಿನ ಅಕ್ಕ ಊಟ ಮಾಡಲಿಲ್ಲ. ಅವಳ ಡಬ್ಬಿ ಮುಚ್ಚಿದ ಹಾಗೇ ಮನೆಗೆ ಬಂತು.

ಸಂಜೆ ಮೆಟ್ಟಿಲ ಮೇಲೆ ಇಬ್ಬರೂ ಕೂತೆವು. ಮೊದಲು ಮಾತಾಡಿದವಳು ನಾನು. ಈಗ ನೆನೆದರೆ ನನ್ನ ನಾಲಿಗೆಯ ಮೇಲೆ ನನಗೇ ವಾಕರಿಕೆ ಬರುತ್ತದೆ.

“ಅಕ್ಕಾ, ಆ ಸಾಲು ಅಳಿಸಿ ಸರಿಮಾಡಿಬಿಡು. ಯಂತ್ರ ಹಳೇದಾಗಿತ್ತು ಅನ್ನು. ಯಾರಿಗೆ ಗೊತ್ತಾಗುತ್ತೆ? ಮಾವಂಗೆ ಹೇಗೂ ನಾಲ್ಕು ತಿಂಗಳಲ್ಲಿ ನಿವೃತ್ತಿ. ನಿನಗೆ ಇನ್ನೂ ಇಪ್ಪತ್ತು ವರ್ಷ ಸರ್ವೀಸ್ ಇದೆ.”

ಅಕ್ಕ ನನ್ನ ಕಡೆ ತಿರುಗಿದಳು. ಆಮೇಲೆ “ಛೀ” ಎಂದಳು.

ನಾನು ತೊಳೆದ ಪಾತ್ರೆಗೆ ಅಂದಿದ್ದಳು, ನಾನು ಮಡಿಸಿದ ಬಟ್ಟೆಗೆ ಅಂದಿದ್ದಳು, ನನ್ನ ಗಂಡನ ಗುಟ್ಕಾ ಚೀಲಕ್ಕಂತೂ ದಿನಕ್ಕೆರಡು ಸಲ ಅಂದಿದ್ದಳು. ನನಗೇ ಅಂತ ಅಂದದ್ದು ಅದೇ ಮೊದಲು. ಎದ್ದು ಮೇಲೆ ಹೋದೆ. ಆ ಸಂಜೆ ಅವಳ ಮನೆಗೆ ಇಳಿಯಲಿಲ್ಲ.

ವಿಚಾರಣೆಯ ದಿನ ಅಕ್ಕ ಒಂದು ಪುಟದ ವರದಿ ತಂದಿದ್ದಳು. ನಿಂತುಕೊಂಡೇ ಓದಿದಳು. ಅಂಕೆ ಎಲ್ಲಿಂದ ಬಂತು, ಸಾಲು ಎಲ್ಲಿದೆ, ಬರೆದವರು ಯಾರು. “ಬರೆದವಳು ನಾನು” ಅನ್ನುವಾಗ ಅವಳ ದನಿ ನಡುಗಲಿಲ್ಲ. ‘ಏನೋ ಒಂದು ಅಡ್ಜಸ್ಟ್ ಮಾಡಿ’ ಎಂದವರು ಯಾರೆಂದೂ ಬರೆದಿದ್ದಳು. ಮುಖ್ಯಸ್ಥರು ಕಿವಿಯಿಂದ ಪೆನ್ನಿನ ಮುಚ್ಚಳ ತೆಗೆದು, “ಇಷ್ಟೆಲ್ಲ ಬರೀಬೇಕಿತ್ತಾ?” ಎಂದರು.

ಮಾವ ಎದ್ದು ನಿಂತರು. ಕೋಪ ಮಾಡುತ್ತಾರೆ ಎಂದುಕೊಂಡೆ. ಮಾಡಿದ್ದರೆ ಅಕ್ಕನಿಗೆ ಹಗುರಾಗುತ್ತಿತ್ತು.

“ಹಾಗಾದ್ರೆ ನಾನು ಪೀಸ್ ಬದಲಾಯಿಸಿದ್ದೆ ತಾನೆ?”

“ಬದಲಾಯಿಸಿದ್ರಿ ಮಾವ. ಒಂದೊಂದನ್ನೂ.”

“ನನಗೇ ಅನುಮಾನ ಬಂದುಬಿಟ್ಟಿತ್ತು ಕಣಮ್ಮ” ಎಂದು ಕೂತರು.

ಅಕ್ಕನನ್ನು ಪ್ರೋಗ್ರಾಮಿನ ಕೆಲಸದಿಂದ ತೆಗೆದು ಸಾಮಾನು ಕೋಣೆಗೆ ಹಾಕಿದರು. ಹಳೆಯ ಕೇಬಲ್ಲುಗಳನ್ನು ಒರೆಸಿ ಚೀಟಿ ಅಂಟಿಸುವ ಕೆಲಸ. ಹೋಗುವ ಮುಂಚೆ ಆ ನಾಲ್ಕು ಸಾಲನ್ನು ತೆಗೆದು ಹೋದಳು. ಈಗ ಉತ್ತರ ಬಾರದಿದ್ದರೆ ಪ್ರೋಗ್ರಾಂ ನಿಂತು, ಕೆಂಪು ಅಕ್ಷರದಲ್ಲಿ ‘ಅಳೆಯಲಾಗಲಿಲ್ಲ’ ಅನ್ನುತ್ತದೆ. ಅದಕ್ಕೂ ಜನ ಅವಳನ್ನೇ ಬೈದರು, ಮೊದಲು ಎಷ್ಟು ಚೆನ್ನಾಗಿ ಓಡ್ತಿತ್ತು ಅಂತ.

ಹನ್ನೊಂದು ವರ್ಷದ ದಾಖಲೆಯಲ್ಲಿ ಹೀಗೆ ಕೊನೆಯ ಅಂಕಿಯವರೆಗೂ ಒಂದೇ ಆಗಿರುವ ಸಾಲುಗಳನ್ನು ಹುಡುಕಿದರೆ ನೂರ ಎಪ್ಪತ್ತೆರಡು ಪೀಸು ಸಿಕ್ಕವು. ಅವನ್ನು ಅಳೆಸಿದವರಿಗೆಲ್ಲ ಕಾಗದ ಹೋಗಬೇಕು. ಮುಖ್ಯಸ್ಥರು ತಾವೇ ಬರೆದ ಕರಡನ್ನು ಶುಕ್ರವಾರ ಸಂಜೆ ನನ್ನ ಮೇಜಿನ ಮೇಲೆ ಎಸೆದರು. ಓದಿದೆ. ‘ನಮ್ಮ ಸಂಸ್ಥೆಯ ಎಚ್ಚರಿಕೆಯಿಂದಾಗಿ ಪತ್ತೆಯಾದ ಸಣ್ಣ ತಾಂತ್ರಿಕ ಲೋಪ’ ಎಂದಿತ್ತು. ಅದರ ಮುಂದೆ, ‘ಹಾಗೂ ಹಿರಿಯ ತಂತ್ರಜ್ಞರ ನಿರ್ಲಕ್ಷ್ಯ’ ಎಂದೂ ಇತ್ತು.

“ಇದೇನ್ ಸರ್? ಅವರದೇನೂ ತಪ್ಪಿಲ್ಲ ಅಂತ ಆಯ್ತಲ್ಲ.”

“ಪೂರಾ ನಮ್ಮ ಮೇಲೇ ಹಾಕ್ಕೊಳ್ಳೋಕಾಗುತ್ತಾ? ಮುದುಕ, ಇನ್ನು ಎಷ್ಟು ದಿನ ಇರ್ತಾನೆ ಇಲ್ಲಿ? ಅಡ್ಜಸ್ಟ್ ಮಾಡ್ಕೊಳ್ಳಿ. ಸೀಲ್ ಹಾಕಿ.”

ಮೆಟ್ಟಿಲ ಮೇಲೆ ನಾನು ಆಡಿದ್ದೂ ಇದೇ ಮಾತು, ಬಾಯಿ ಮಾತ್ರ ಬೇರೆ.

“ಛೀ!”

ನನ್ನ ದನಿಯೇ ನನಗೆ ಗುರುತು ಸಿಗಲಿಲ್ಲ. ಅಚ್ಚು ನಮ್ಮಕ್ಕನ ದನಿ. ಮುಖ್ಯಸ್ಥರ ಕೈಯಲ್ಲಿದ್ದ ಪೆನ್ನು ಅಲ್ಲೇ ನಿಂತಿತು. ನಮ್ಮ ಲ್ಯಾಬಿನಲ್ಲಿ ದಾಖಲೆ ಮೇಜಿನ ನಂಬರು, ಸೀಲು ಇಲ್ಲದೆ ಒಂದು ಕಾಗದವೂ ಗೇಟು ದಾಟುವುದಿಲ್ಲ. ಸೀಲನ್ನು ಡ್ರಾಯರಿಗೆ ಹಾಕಿ ಬೀಗ ಹಾಕಿದೆ. “ಈ ಸಾಲು ಇರೋವರೆಗೂ ನನ್ನ ಸೀಲು ಬೀಳಲ್ಲ ಸರ್” ಎಂದೆ. ಅವರು ನನ್ನನ್ನು ನೋಡಿದರು, ಗಡಿಯಾರ ನೋಡಿದರು. ಐದಕ್ಕೆ ಎಂಟು ನಿಮಿಷವಿತ್ತು. ಅವರಿಗೆ ಮನೆಗೆ ಹೋಗುವ ಅವಸರ. ಕರಡನ್ನು ಎಳೆದುಕೊಂಡು ಆ ಸಾಲಿಗೆ ಗೀಟು ಎಳೆದು ಹೊರಟುಹೋದರು. ಅವರು ಬಿಟ್ಟುಹೋದ ಪೆನ್ನನ್ನು ನಾನು ಕಾಗದದ ಚೂರಿನಲ್ಲಿ ಹಿಡಿದೆತ್ತಿ ಕಸದ ಬುಟ್ಟಿಗೆ ಹಾಕಿದೆ.

ಸೋಮವಾರ ಕಾಗದದ ಒಂದು ಪ್ರತಿಯನ್ನು ಮಾವನಿಗೆ ಕೊಟ್ಟೆ. ಕೈ ದೂರ ಚಾಚಿ ಹಿಡಿದು ಎರಡು ಸಲ ಓದಿದರು.

“ನನ್ನ ವಿಷಯ ಎಲ್ಲೂ ಇಲ್ಲವಲ್ಲಮ್ಮ?”

“ಇಲ್ಲ ಮಾವ.”

ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು, ವಿಚಾರಣೆ ಮುಗಿದ ಮೇಲೆ ಮೊದಲ ಸಲ ತಮ್ಮ ಅಳೆಯುವ ಮೇಜಿಗೆ ಹೋದರು. ನಾನು ಸಾಮಾನು ಕೋಣೆಗೆ ಹೋಗಿ ಅಕ್ಕನ ಪಕ್ಕ ಕೂತೆ. ಮೆಟ್ಟಿಲ ಮೇಲಿನ ಸಂಜೆಯಿಂದ ನಾವಿಬ್ಬರೂ ಸರಿಯಾಗಿ ಮಾತಾಡಿರಲಿಲ್ಲ. ಅವಳು ಒಂದು ಬಟ್ಟೆ ಚೂರು ನನ್ನ ಕಡೆ ಎಸೆದಳು. ಇಬ್ಬರೂ ಕೇಬಲ್ಲು ಒರೆಸತೊಡಗಿದೆವು. ಗೋಡೆಯಾಚೆ ಮಾವ ಕುರ್ಚಿ ಎಳೆದ ಸದ್ದಾಯಿತು. ಕಿವಿ ಕೊಟ್ಟು ಕಾಯುತ್ತಿದ್ದೆವು, ಇಬ್ಬರಿಗೂ ಅದು ಗೊತ್ತಿತ್ತು.

ಕಟಕ್.

ಅಕ್ಕನ ಮುಖದಲ್ಲಿ ಎಷ್ಟೋ ದಿನದ ಮೇಲೆ ಸಣ್ಣ ನಗು ಬಂತು. ಇನ್ನು ಗುಂಡಿ ಒತ್ತುತ್ತಾರೆ ಎಂದುಕೊಂಡೆವು.

ಕಟಕ್.

ಅದೇ ಕನೆಕ್ಟರಿಗೆ ಎರಡನೆಯ ಸಲ. ಅಕ್ಕ ಕೈಯಲ್ಲಿದ್ದ ಕೇಬಲ್ಲನ್ನು ಕೆಳಗಿಟ್ಟಳು. ಒರೆಸುತ್ತಿದ್ದ ಬಟ್ಟೆಯನ್ನೇ ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿ ಕೂತಳು. ಅಷ್ಟು ಕೊಳಕು ಬಟ್ಟೆ ಅದು. ಛೀ ಅನ್ನಲಿಲ್ಲ.